ಕಾಗಿಣಾ ದಾಟಿದ ಮೇಲೆ

ಅಕ್ಕ ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ, ವಾಡಿ ಸ್ಟೇಷನ್ನಿನಲ್ಲಿ, ಕೈಯಲ್ಲಿ ಚಹಾದ ಕಪ್ಪು ಇದ್ದಾಗ. ದಿನಾ ನಮ್ಮ ಜೊತೆ ರೈಲಿನಲ್ಲಿ ಓಡಾಡುವ ನರ್ಸ್ ಬಾಯಿ ಬಂದು ಹೇಳಿದರು. ನಾನು "ಅಯ್ಯೋ" ಎಂದೆ, ಚಹಾ ಪೂರ್ತಿ ಕುಡಿದೆ, ಗಾಡಿ ಹತ್ತಿದೆ. ಅಳು ಬಂದದ್ದು ಚಿತ್ತಾಪುರ ದಾಟಿದ ಮೇಲೆ. ದುಃಖ ನನಗೆ ಯಾವತ್ತೂ ವೇಳೆಗೆ ಬರುವುದಿಲ್ಲ. ಸಿಟ್ಟು ಮಾತ್ರ ವೇಳೆಗೆ ಮುಂಚೆಯೇ ಬಂದು ಕುಳಿತಿರುತ್ತದೆ. ಇದನ್ನು ಮೊದಲು ಕಂಡುಹಿಡಿದವರೂ ಅಕ್ಕನೇ.

ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಅವರು ತಮ್ಮ ಹೆಸರು ಬರೆದದ್ದನ್ನು ನಾನು ಕಂಡಿಲ್ಲ. ರೈಲಿನಲ್ಲಿ, ಕಚೇರಿಯಲ್ಲಿ, ಅವರಿಗಿಂತ ದೊಡ್ಡ ಸಾಹೇಬರ ಬಾಯಲ್ಲೂ ಅವರು 'ಅಕ್ಕ'ನೇ. ದಪ್ಪ ಮೈ, ಗಿಡ್ಡ ಕಾಲು. ಆದರೆ ಅವರು ನಡೆದರೆ ಪಕ್ಕದವರು ಓಡಬೇಕು. ಹೆಗಲಿಗೊಂದು ರೆಕ್ಸಿನ್ ಬ್ಯಾಗು. ಅದರಲ್ಲಿ ರೊಟ್ಟಿ ಡಬ್ಬಿ, ನೀರಿನ ಬಾಟಲಿ, ಮಡಿಚಿದ ಹಳೆ ಪೇಪರು, ಒಂದು ಸಣ್ಣ ಚಾಕು. ಶಹಾಬಾದಿನಲ್ಲಿ ಒಬ್ಬರೇ ಇದ್ದರು. ಗಂಡನ ವಿಷಯ ಯಾರಾದರೂ ಕೆದಕಿದರೆ, "ಅದು ಹಳೀ ಫೈಲವ್ವಾ, ರೆಕಾರ್ಡ್ ರೂಮಿಗಿ ಹೋಗ್ಯದ" ಎಂದು ನಕ್ಕು ಮಾತು ಮುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಕೇಳುವ ಪುರುಸೊತ್ತೂ ಇರಲಿಲ್ಲ.

ಸೇಡಂನ ಒಂದು ಸರ್ಕಾರಿ ಕಚೇರಿಯಲ್ಲಿ ಇಬ್ಬರದೂ ಕೆಲಸ. ನನ್ನ ಮನೆಯೂ ಶಹಾಬಾದಿನಲ್ಲೇ, ವಾಡಿ, ಚಿತ್ತಾಪುರದ ಮೇಲೆ ದಿನಾ ರೈಲಿನ ಓಡಾಟ. ನಾನು ಸೇರಿದಾಗ ಅವರು ಆಗಲೇ ಅಲ್ಲಿ ಹಳಬರು. ನನಗೆ ಕಿಟಕಿ ಕೊಟ್ಟರು. ಜನ ಅರ್ಜಿ ಹಿಡಿದು ಬಂದು ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು ಕೇಳುವ ಕಿಟಕಿ. ಕಾಲೇಜು ಶುರುವಾಗುವ ದಿನಗಳಲ್ಲಿ ಅಲ್ಲಿ ಕೂರುವುದೆಂದರೆ ಏನೆಂದು ಕೂತವರಿಗೇ ಗೊತ್ತು. ಕಂಪ್ಯೂಟರ್ ನಿಂತರೆ ಬೈಗುಳ ನನಗೆ. ಕರೆಂಟು ಹೋದರೂ ನನಗೇ. ಸಂಜೆ ಹೊತ್ತಿಗೆ ತಲೆ ಕಾದ ಹೆಂಚಾಗಿರುತ್ತಿತ್ತು. ಆ ಹೆಂಚನ್ನು ಹೊತ್ತುಕೊಂಡು ನಾನು ಸೀದಾ ಮನೆಗೆ ಹೋಗುತ್ತಿದ್ದೆ.

ಒಂದು ಸಂಜೆ ನನ್ನ ಮಗಳು ಹಾಲಿನ ಲೋಟ ಚೆಲ್ಲಿದಳು. ನಾಲ್ಕು ವರ್ಷದ ಕೂಸು. ಕೆನ್ನೆಗೆ ಹೊಡೆದೆ. ಬರೇ ಹೊಡೆದಿದ್ದರೆ ತಾಯಿ ಹೊಡೆದಳು ಎನ್ನಬಹುದಿತ್ತು. "ನಾಳೆ ಬಾ ಅಂತ ಹೇಳಿದ್ದೆನಲ್ಲ, ಕಿವಿ ಕೇಳಂಗಿಲ್ಲೇನು?" ಎಂದು ಕೂಗುತ್ತ ಹೊಡೆದೆ. ಅದು ಕಿಟಕಿಯ ಮುಂದೆ ನಿಂತವರಿಗೆ ಹೇಳುವ ಮಾತು. ಕೂಸು ಏನೂ ತಿಳಿಯದೆ, ಅಳುವುದನ್ನೂ ಮರೆತು ನನ್ನ ಮುಖ ನೋಡಿತು.

ಮರುದಿನ ಮುಂಜಾನೆ ಗಾಡಿಯಲ್ಲಿ ಅಕ್ಕನ ಪಕ್ಕ ಕೂತು ಇದನ್ನು ಹೇಳಿ ಅತ್ತೆ. ಎದುರಿಗೆ ಚಿತ್ತಾಪುರದಲ್ಲಿ ಇಳಿಯುವ ಇಬ್ಬರು ಟೀಚರಮ್ಮನವರು ಮತ್ತು ನರ್ಸ್ ಬಾಯಿ. ಅವರಲ್ಲೊಬ್ಬರು, ಎಲ್ಲರೂ ಹೇಳುವಂತೆ, "ಟೆನ್ಷನ್ ತಗೋಬ್ಯಾಡ್ರಿ" ಎಂದರು.

ಅಕ್ಕನಿಗೆ ಆ ಮಾತು ಕೇಳಿದರೆ ಆಗುತ್ತಿರಲಿಲ್ಲ. "ತಗೋಬ್ಯಾಡ ಅಂತ ಊರ ಮಂದಿಯೆಲ್ಲಾ ಹೇಳ್ತದ. ತಗೊಂಡಾಗ್ಯದ, ಈಗ ಅದನ್ನ ಎಲ್ಲಿ ಇಡಬೇಕು ಅಂತ ಯಾರರೆ ಹೇಳ್ಯಾರೇನು?" ಎಂದು ಅವರ ಮೇಲೆ ಹರಿಹಾಯ್ದರು. ಆಮೇಲೆ ನನ್ನ ಕಡೆ ತಿರುಗಿ, ಕಿಟಕಿಯ ಹೊರಗೆ ಕೈ ತೋರಿಸಿದರು. ಗಾಡಿ ಶಹಾಬಾದ್ ಬಿಟ್ಟು, ವಾಡಿಗೆ ಮೊದಲು ಬರುವ ಕಾಗಿಣಾ ಸೇತುವೆಯ ಮೇಲಿತ್ತು.

"ಏ ಹುಡುಗಿ, ಇಲ್ಲಿ ನೋಡು. ಇದು ಹೊಳಿ. ಸಂಜಿಕಿ ಬರೂವಾಗ ಆಫೀಸಿನ ಮಾತು ಎಷ್ಟರೆ ಆಡು, ಎಷ್ಟರೆ ಬೈ. ಸೇಡಂದಿಂದ ವಾಡಿ ತನಕ ನಾ ಕೇಳ್ತೀನಿ. ಹೊಳಿ ದಾಟಿದ ಮ್ಯಾಲ ಆಫೀಸು ಬಂದ್. ಮುಂಜಾನಿ ಮನಿ ಮಾತು ಆಡು, ಹೊಳಿ ದಾಟಿದ ಮ್ಯಾಲ ಮನಿ ಬಂದ್. ಅಲ್ಲಿಂದು ಅಲ್ಲೇ, ಇಲ್ಲಿಂದು ಇಲ್ಲೇ."

"ಮರತು ಆಡಿದ್ರ?" ಎಂದೆ.

"ವಾಡ್ಯಾಗ ಎಲ್ಲಾರಿಗೂ ಮಿರ್ಚಿ ಭಜ್ಜಿ ಕೊಡಸ್ಬೇಕು."

ಹೀಗೆ ಶುರುವಾಯಿತು ನಮ್ಮ ಬೋಗಿಯ ಕಾಯಿದೆ. ವಾಡಿಯಲ್ಲಿ ಗಾಡಿ ಸಾಕಷ್ಟು ಹೊತ್ತು ನಿಲ್ಲುತ್ತದೆ, ಭಜ್ಜಿಗೆ ಅಡ್ಡಿಯಿಲ್ಲ. ಸಂಜೆ ತಪ್ಪಿದವರದು ಮರುದಿನ ಮುಂಜಾನೆ ವಸೂಲಿ. ಮೊದಮೊದಲು ದಿನಾ ನಾನೇ ಕೊಡಿಸಿದೆ. ನಾನು ಅದನ್ನು ಆಟ ಅಂದುಕೊಂಡಿದ್ದೆ. ಒಂದು ತಿಂಗಳಲ್ಲಿ ಗೊತ್ತಾಯಿತು, ಸೇತುವೆ ಬರುವಷ್ಟರಲ್ಲಿ ನನ್ನ ಬೈಗುಳ ತಾನಾಗೇ ತೀರಿರುತ್ತಿತ್ತು. ಉಳಿದಿದ್ದರೂ, ಕಬ್ಬಿಣದ ಸೇತುವೆಯ ಸದ್ದು ಶುರುವಾದ ಕೂಡಲೇ ಬಾಯಿ ಮುಚ್ಚುತ್ತಿತ್ತು. ಶಹಾಬಾದಿನಲ್ಲಿ ಇಳಿದು ಮನೆಗೆ ನಡೆಯುವವಳು ಕಿಟಕಿಯ ಹಿಂದಿನ ಹೆಂಗಸಲ್ಲ, ಬರೇ ಒಬ್ಬ ತಾಯಿ. ನನ್ನ ಮಗಳು ಈಗ ಹತ್ತನೇ ಕ್ಲಾಸು. ಆಮೇಲೆ ಅವಳ ಮೇಲೆ ನಾನು ಕೈ ಎತ್ತಿಲ್ಲ. ಅದು ನನ್ನ ಒಳ್ಳೆಯತನವಲ್ಲ, ಅಕ್ಕನ ಕಾಯಿದೆ.

ಸಂಜೆಯ ಗಾಡಿಯಲ್ಲಿ ಅವರು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಸೇಡಂ ಸಂತೆಯಲ್ಲಿ ಪುಂಡಿಪಲ್ಯೆ, ಮೆಂತ್ಯೆ ಕೊಂಡು ತಂದು, ಪೇಪರು ಹಾಸಿ, ಎಲ್ಲರ ಮಡಿಲಿಗೂ ಒಂದೊಂದು ಸಿವುಡು ಹಾಕಿಬಿಡುತ್ತಿದ್ದರು. ನಾವು ಬೈಯುತ್ತ ಬೈಯುತ್ತ ಸೋಸುತ್ತಿದ್ದೆವು. "ಕೈಗಿ ಕೆಲಸ ಕೊಡು, ತಲಿ ತಾನೇ ತಣ್ಣಗಾಗ್ತದ" ಎನ್ನುವುದು ಅವರ ಮಾತು. ಎಲೆ ಚೀಲಕ್ಕೆ, ದಂಟು ವಾಡಿಯ ಪ್ಲಾಟ್‌ಫಾರ್ಮಿನ ಆಡುಗಳಿಗೆ. ಒಮ್ಮೆ ನಾನು ಒಬ್ಬ ಮೇಲಧಿಕಾರಿಯನ್ನು ಬೈಯುವ ಭರದಲ್ಲಿ ಎಲೆಯನ್ನೆಲ್ಲ ಆಡಿಗೆ ಹಾಕಿ, ದಂಟನ್ನು ಮನೆಗೆ ಒಯ್ದೆ. ಅಕ್ಕ ಒಂದು ವರ್ಷ ಅದನ್ನೇ ಹೇಳಿ ನಗಿಸಿದರು.

ಕಚೇರಿಯಲ್ಲಿ ಅವರ ಮೇಜಿನ ಪಕ್ಕ ಒಂದು ಮಣ್ಣಿನ ಗಡಿಗೆ. ಕೂಗಾಡುತ್ತ ಬಂದವರಿಗೆ ಅವರ ಮೊದಲ ಮಾತು ಯಾವಾಗಲೂ ಒಂದೇ: "ಮೊದ್ಲ ಕುಂದ್ರಿ, ನೀರ ಕುಡೀರಿ." ಆಡಕಿಯಿಂದ ಬಂದ ಒಬ್ಬ ರೈತ ಮೂರನೆಯ ಸಲ ಬಂದು ಕೆಲಸವಾಗದೆ, ನನ್ನ ಕಿಟಕಿಗೆ ಕೈಯಿಂದ ಗುದ್ದಿದ. ನಾನೂ ಎದ್ದು ನಿಂತೆ. ಜಗಳ ಎಂದರೆ ನನಗೆ ಹಬ್ಬ. ಅಕ್ಕ ನಡುವೆ ಬಂದು ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ತಂಬಿಗೆ ತುಂಬ ನೀರು ಕೊಟ್ಟರು. ತಾವೂ ಒಂದು ಲೋಟ ಕುಡಿದರು. ಅವನು ಕುಡಿದು, ಮೀಸೆ ಒರೆಸಿಕೊಂಡು, "ಮಗಳ ಅಡ್ಮಿಶನ್ ನಾಳಿಗಿ ಕಡೀ ದಿನ ಅದ್ರೀ ಯಕ್ಕಾ" ಎಂದ. ಅಷ್ಟು ಹೊತ್ತು ಕೂಗಿದರೂ ಈ ಒಂದು ಮಾತನ್ನು ಅವನು ಹೇಳಿರಲಿಲ್ಲ. ಸಂಜೆಯೊಳಗೆ ಅವನ ಕಾಗದ ಕೈಗೆ ಬಂತು.

"ನೀವ್ಯಾಕ ನೀರ ಕುಡದ್ರಿ? ಸಿಟ್ಟ ಬಂದಿದ್ದು ಆತಗಲ್ಲ?" ಎಂದು ಆಮೇಲೆ ಕೇಳಿದೆ.

"ನನಗೂ ಬಂದಿತ್ತವ್ವಾ. ನಾ ಏನ್ ಕಲ್ಲೇನು?"

ಕಲ್ಲೇನಲ್ಲ. ಒಂದು ಸಲ ಅವರೂ ತಪ್ಪಿದ್ದುಂಟು. ಜವಾನನ ಮೇಲೆ ಫೈಲು ಎಸೆದರು, ಹಾಳೆಗಳು ನೆಲದ ತುಂಬ ಹಾರಿದವು. ಅಕ್ಕ ಹೊರಗೆ ಹೋಗಿ ಅಂಗಳದ ಬೇವಿನ ಮರವನ್ನು ಮೂರು ಸುತ್ತು ಹಾಕಿದರು. ಒಳಗೆ ಬಂದು, ಎಲ್ಲರ ಎದುರೇ ಜವಾನನ ಜೊತೆ ನೆಲಕ್ಕೆ ಕೂತು ಹಾಳೆ ಆರಿಸಿದರು. "ತಪ್ಪಾಯ್ತಪ್ಪಾ" ಎಂದರು. ಬೇಜಾರಾದಾಗ ಮರ ಸುತ್ತುವ ಚಟ ಅವರಿಗೆ ಮೊದಲಿನಿಂದಲೂ ಇತ್ತು. ಅಕ್ಕ ಬೇವಿನ ಮರಕ್ಕೆ ಹರಕೆ ಹೊತ್ತಿದ್ದಾರೆ ಎಂದು ನಾವು ಕುಶಾಲು ಮಾಡುತ್ತಿದ್ದೆವು. ಈಗ ನಾನೂ ಸುತ್ತುತ್ತೇನೆ. ಕಚೇರಿಯ ಹುಡುಗರು ನನ್ನನ್ನು ನೋಡಿ ನಗುತ್ತಾರೆ.

ಇಷ್ಟೆಲ್ಲ ಬರೆಯುವಾಗ ಒಂದು ವಿಷಯ ನನ್ನನ್ನು ಚುಚ್ಚುತ್ತದೆ. ಹತ್ತು ವರ್ಷ ಮುಂಜಾನೆಯ ಗಾಡಿಯಲ್ಲಿ, ಶಹಾಬಾದ್ ಬಿಟ್ಟು ಸೇತುವೆ ಬರುವ ತನಕ, ನಾವು ನಾಲ್ವರೂ ನಮ್ಮ ನಮ್ಮ ಮನೆಯ ಗೋಳು ಹೇಳುತ್ತಿದ್ದೆವು. ಆ ಸ್ವಲ್ಪ ಹೊತ್ತಿಗೆ ನಮ್ಮಲ್ಲಿ ಪೈಪೋಟಿ. ನನ್ನ ಅತ್ತೆಯ ಮಂಡಿನೋವು, ಟೀಚರಮ್ಮನ ಗಂಡನ ಕುಡಿತ, ನರ್ಸ್ ಬಾಯಿಯ ಬಾಡಿಗೆ ಮನೆ. ಅಕ್ಕ ಕೇಳುತ್ತಿದ್ದರು. ಅವರ ಸರದಿ ಬರುವುದರೊಳಗೆ ಹೊಳೆ ಬಂದುಬಿಡುತ್ತಿತ್ತು. ಅವರಿಗೆ ಹೇಳಲಿಕ್ಕೇನೂ ಇಲ್ಲ ಎಂದುಕೊಂಡಿದ್ದೆವು. ಒಂಟಿ ಹೆಂಗಸು, ಅತ್ತೆ ಇಲ್ಲ, ಮಕ್ಕಳಿಲ್ಲ, ಚಿಂತೆ ಏನಿದ್ದೀತು? ಅವರ ಮನೆಗೆ ನಾನು ಹೋದದ್ದು ಎರಡೇ ಸಲ. ಫರ್ಸಿಕಲ್ಲು ಹಾಸಿದ ಎರಡು ಕೋಣೆ, ಗೋಡೆಗೊಂದು ಬುದ್ಧನ ಪಟ, ಅದರ ಕೆಳಗೆ ಒಂದೇ ಚಾಪೆ. "ದಿನಾ ಮಲಗೂಕಿಂತ ಮೊದ್ಲ ಇಲ್ಲಿ ಹತ್ತು ನಿಮಿಷ ಕುಂತು ಉಸಿರು ನೋಡ್ತೀನಿ" ಎಂದಿದ್ದರು. ಎಷ್ಟು ನೆಮ್ಮದಿಯ ಜೀವ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ.

ಕಾಯಿದೆ ಮಾಡಿದವರು ಅಲ್ಲಿಯವರೆಗೆ ಒಮ್ಮೆಯೂ ಅದನ್ನು ಮುರಿದಿರಲಿಲ್ಲ. ಅದೇ ನಮಗೆ ಸಂಕಟ. ಅಕ್ಕ ಯಾವಾಗ ಸಿಕ್ಕಿಬೀಳುತ್ತಾರೆ, ಯಾವಾಗ ಅವರ ಭಜ್ಜಿ ತಿಂದೇವು ಎಂದು ನಾವೆಲ್ಲ ಕಾದಿದ್ದೆವು. ಎಲ್ಲರಿಗಿಂತ ಹೆಚ್ಚು ಕಾದವಳು ನಾನು.

ಕಳೆದ ಚಳಿಗಾಲ. ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಅವತ್ತು ಶುಕ್ರವಾರ. ಅಕ್ಕ ಸ್ಟೇಷನ್ನಿಗೆ ನನಗಿಂತ ಮೊದಲೇ ಬಂದು ಕೂತಿದ್ದರು. ಗಾಡಿಯಲ್ಲಿ ಎಂದಿನಂತೆ ನಾವು ನಮ್ಮ ಮನೆಗಳನ್ನು ಬಿಚ್ಚಿದೆವು. ಸೇತುವೆ ಬಂತು. ಎಲ್ಲರೂ ಬಾಯಿ ಮುಚ್ಚಿದೆವು. ಸೇತುವೆ ದಾಟಿತು. ಆಗ ಅಕ್ಕ ನನ್ನ ಮೊಣಕೈ ಹಿಡಿದು, ಸಣ್ಣ ದನಿಯಲ್ಲಿ ಶುರು ಮಾಡಿದರು.

"ಹುಡುಗಿ, ನಮ್ಮ ಮನಿದು ಒಂದು ಮಾತದ. ಬರೂ ಬುಧವಾರ ನಿನಗ…"

"ಅಕ್ಕಾ!" ನಾನು ಕೂಗಿದೆ. "ಹೊಳಿ ದಾಟ್ಯದ! ಮನಿ ಮಾತು ಬಂದ್! ಸಿಕ್ರು, ಸಿಕ್ರು, ಅಕ್ಕ ಸಿಕ್ರು!"

ಟೀಚರಮ್ಮನವರು ಚಪ್ಪಾಳೆ ಹೊಡೆದರು. ನರ್ಸ್ ಬಾಯಿ "ಭಜ್ಜಿ, ಭಜ್ಜಿ" ಎಂದು ಸೀಟು ಬಡಿದರು. ಪಕ್ಕದ ಸಾಲಿನವರೂ ತಿರುಗಿ ನೋಡಿ ನಕ್ಕರು. ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಮೊಣಕೈ ಬಿಟ್ಟರು. ಅವರೂ ನಕ್ಕರು.

"ಖರೇ ಅದವ್ವಾ. ಕಾಯ್ದಿ ಅಂದ್ರ ಎಲ್ಲಾರಿಗೂ ಒಂದೇ."

ವಾಡಿಯಲ್ಲಿ ಇಳಿದು ಬಿಸಿ ಭಜ್ಜಿ ತಂದರು. ನಾನು ಮೂರು ತಿಂದೆ. ಅವರು ಒಂದನ್ನೂ ತಿನ್ನಲಿಲ್ಲ, "ಮುಂಜಾನಿ ಎಣ್ಣಿದು ಬ್ಯಾಡ" ಎಂದರು. ಸೇಡಂನಲ್ಲಿ ಇಳಿದು ಕಚೇರಿಗೆ ನಡೆಯುವಾಗಲಾದರೂ ನಾನು ಕೇಳಬಹುದಿತ್ತು, ಬುಧವಾರ ಏನಕ್ಕಾ ಎಂದು. ನೆನಪೇ ಆಗಲಿಲ್ಲ. ಮಂಗಳವಾರದ ತನಕ, ಅಕ್ಕ ಹೆಂಗೆ ಸಿಕ್ಕಿಬಿದ್ದರು ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವರು ಗಡಿಗೆಯ ಪಕ್ಕ ಕೂತು ಅದನ್ನೂ ಕೇಳಿಸಿಕೊಂಡು ನಗುತ್ತಿದ್ದರು.

ಆಮೇಲೆ ಅವರು ಬ್ಯಾಗನ್ನು ಎಡ ಹೆಗಲಿನಿಂದ ಬಲಕ್ಕೆ ಹಾಕತೊಡಗಿದರು. ನೋಡಿದೆ, ಕೇಳಲಿಲ್ಲ. ನಡಿಗೆ ನಿಧಾನವಾಯಿತು. ವಯಸ್ಸು ಎಂದುಕೊಂಡೆ. ಯುಗಾದಿ ಕಳೆದು ಉದ್ದನೆಯ ರಜೆ ಹಾಕಿ, ಮನೆಗೆ ಬೀಗ ಹಾಕಿ, ಚಿಂಚೋಳಿಗೆ ತಂಗಿಯ ಮನೆಗೆ ಹೋದರು. ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಅವರೇ ನನ್ನ ಮಗಳ ಬಗ್ಗೆ ಕೇಳಿದರು, ಕಿಟಕಿಯ ಗದ್ದಲ ಕೇಳಿದರು. "ನಿಮ್ಮದು ಹ್ಯಾಂಗದ ಅಕ್ಕಾ?" ಎಂದರೆ, "ಸ್ವಲ್ಪ ತಬ್ಯೇತ್ ಸರಿ ಇಲ್ಲ, ಆರಾಮ ಆಗ್ಲಿಕತ್ತೀನಿ" ಎಂದರು. ನಂಬಿದೆ. ನಂಬುವುದು ಸುಲಭವಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಹಾಗೆ ನನ್ನ ಸಂಸಾರವನ್ನು ದಡ ಮುಟ್ಟಿಸಿದವರನ್ನು ನಾನು ಫೋನಿನಲ್ಲಿ ಎರಡು ಸಲ ವಿಚಾರಿಸಿ ಕೈಬಿಟ್ಟೆ.

ಸುದ್ದಿ ಬಂದ ವಾರ, ಭಾನುವಾರ, ಮಾತಾಡಿಸಿ ಬರಲು ಚಿಂಚೋಳಿಗೆ ಹೋದೆ. ಬಾಗಿಲು ತೆಗೆದವರು ತಂಗಿ. ಅದೇ ಮುಖ, ಅದೇ ಗಿಡ್ಡ ಕಾಲು. "ಮೊದ್ಲ ಕುಂದ್ರಿ, ನೀರ ಕುಡೀರಿ" ಎಂದರು. ಮನೆಯ ಮಾತೇ ಹಾಗೆ ಇರಬೇಕು. ಅಕ್ಕನ ಜೊತೆ ಕೆಲಸ ಮಾಡುತ್ತಿದ್ದವಳು ಎಂದೆ. ಅವರು ಚಹಾ ಇಟ್ಟು, ನೆಲಕ್ಕೆ ಕೂತು, ತಾವಾಗೇ ಹೇಳತೊಡಗಿದರು.

"ಎದಿಯಾಗ ಗಂಟಿತ್ರಿ. ತೊಗರಿ ರಾಶಿ ಟೈಮಿನಾಗೇ ಆಕಿ ಕೈಗಿ ಹತ್ತಿತ್ತು. ನನಗ ಫೋನ್ ಮಾಡಿದ್ಲು. ನಾ ಬರ್ತೀನಿ ನಡಿ, ತೋರಸ್ಕೊಂಡು ಬರೂಣು ಅಂದೆ. ಬ್ಯಾಡ, ರಾಶಿ ಬಿಟ್ಟು ಬರಬ್ಯಾಡ, ಬುಧವಾರ ಕಲಬುರ್ಗ್ಯಾಗ ದೊಡ್ಡ ಡಾಕ್ಟರು ಇರ್ತಾರ, ನಮ್ಮ ಆಫೀಸಿನಾಗ ಒಬ್ಬಾಕಿ ಹುಡುಗಿ ಇದ್ದಾಳ, ಆಕಿನ ಜೋಡಿ ಹೋಗ್ತೀನಿ ಅಂದ್ಲು."

"ಹೋದ್ರೇನ್ರಿ?" ಎಂದೆ. ಉತ್ತರ ನನಗೆ ಗೊತ್ತಿತ್ತು.

"ಎಲ್ಲಿ ಹೋದ್ಲು? ಗುರುವಾರ ಕೇಳಿದ್ರ, ಆ ಹುಡುಗಿಗಿ ಪುರ್ಸತ್ತಿಲ್ಲ, ಮುಂದ ನೋಡೂಣು ಅಂದ್ಲು. ಒಬ್ಬಾಕಿನೇ ಹೋಗಲಿಕ್ಕಿ ಭಾಳ ಅಂಜತಿದ್ಲುರಿ. ಹೊರಗಿನವರಿಗಿ ಗೊತ್ತಾಗ್ತಿದ್ದಿಲ್ಲ. ಉಗಾದಿ ಆದ ಮ್ಯಾಲ ನಾನೇ ಎಳಕೊಂಡು ಹೋದೆ. ಇಷ್ಟು ದಿನ ಎಲ್ಲಿದ್ರಿ ಅಂತ ಡಾಕ್ಟರು ನಮಗೇ ಬೈದ್ರು."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ನಿಮಗ ಗೊತ್ತೇನ್ರಿ ಆ ಹುಡುಗಿ?" ಎಂದರು. ಬೈಯಲಿಕ್ಕಲ್ಲ, ಸುಮ್ಮನೆ ಕೇಳಿದರು. ನಲವತ್ತು ದಾಟಿದ, ಅರ್ಧ ತಲೆ ಬೆಳ್ಳಗಾದ ನನ್ನನ್ನು ನೋಡಿ, ಆ ಹುಡುಗಿ ನಾನೇ ಎಂದು ಅವರಿಗೆ ಹೇಗೆ ಹೊಳೆಯಬೇಕು? ಅಕ್ಕನ ಬಾಯಲ್ಲಿ ನಾನು ಸೇರಿದ ದಿನವೂ ಹುಡುಗಿ, ಹತ್ತು ವರ್ಷ ಕಳೆದರೂ ಹುಡುಗಿ.

ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. ಅವತ್ತೂ ಓಡಿತು.

"ನಮ್ಮ ಆಫೀಸಿನಾಗ ಹುಡುಗ್ಯಾರು ಭಾಳ ಮಂದಿ ಇದ್ದಾರ್ರಿ" ಎಂದೆ. ಚಹಾ ಕುಡಿದೆ. ಎದ್ದು ಬಂದೆ.

ನಮ್ಮ ಬೋಗಿಯಲ್ಲಿ ಕಾಯಿದೆ ಇನ್ನೂ ಇದೆ. ನಾನು ತೆಗೆಸಿಲ್ಲ, ಅದು ಒಳ್ಳೆಯ ಕಾಯಿದೆ, ನನ್ನ ಮನೆ ಅದರ ಮೇಲೆ ನಿಂತಿದೆ. ಕಿಟಕಿಯಲ್ಲಿ ಗದ್ದಲವಾದರೆ ಗಡಿಗೆಯ ನೀರು ಕುಡಿಯುತ್ತೇನೆ, ಮರ ಸುತ್ತುತ್ತೇನೆ, ಸಂಜೆ ಪುಂಡಿಪಲ್ಯೆ ಸೋಸುತ್ತೇನೆ. ಎಲ್ಲವೂ ಕೆಲಸಕ್ಕೆ ಬರುತ್ತವೆ. ಆದರೆ ಯಾರಾದರೂ ಹೊಳೆ ದಾಟಿದ ಮೇಲೆ ಮೊಣಕೈ ಹಿಡಿದರೆ ಮೊದಲು ಕೇಳಬೇಕು, ಭಜ್ಜಿ ಆಮೇಲೆ. ಇಷ್ಟು ಸಣ್ಣ ಮಾತನ್ನು ಕಾಯಿದೆಗೆ ಸೇರಿಸಲು ನಮಗೆ ಬುದ್ಧಿ ಇರಲಿಲ್ಲ. ಅಕ್ಕ ತಮಗಾಗಿ ಏನನ್ನೂ ಸೇರಿಸಿಕೊಳ್ಳುವವರಲ್ಲ.

ಚಿಂಚೋಳಿಯ ತಂಗಿಯವರೇ, ನಿಮ್ಮ ಮನೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹುಡುಗಿ ನಾನು. ನನಗೆ ಪುರುಸೊತ್ತಿಲ್ಲ ಎಂದು ಅಕ್ಕ ನಿಮಗೆ ಹೇಳಿದ್ದು, ನನ್ನ ಮಾನ ಉಳಿಸಲಿಕ್ಕೆ. ಆ ಬುಧವಾರಕ್ಕೆ ನಾನು ಹಿಂದಿನ ವಾರವೇ ರಜೆ ಬರೆದುಕೊಟ್ಟಿದ್ದೆ. ಅಂಥ ಕೆಲಸವೇನೂ ಇರಲಿಲ್ಲ, ಸುಮ್ಮನೆ ದಣಿವಾಗಿತ್ತು. ಮುಂಜಾನೆ ಹಾಸಿಗೆ ಬಿಸಿಲಿಗೆ ಹಾಕಿದೆ, ಮಧ್ಯಾಹ್ನ ಉಂಡು ಮಲಗಿದೆ. ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವತ್ತು ಇಡೀ ದಿನ ನನಗೆ ಪುರುಸೊತ್ತಿತ್ತು.